ಕೈ ನನ್ನದು, ದನಿ ಟೀಚರದು

ಮಾರ್ಚ್ 3, ಮಂಗಳವಾರ

ಮೊದಲಿಗೆ, ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಕಾಗುಣಿತದ ತಪ್ಪುಗಳೂ ಇರುತ್ತವೆ. ನಾನು ಓದಿದ್ದು ಐದನೆಯ ತರಗತಿಯವರೆಗೆ. ಯಾರಲ್ಲಿ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ, ಇದನ್ನು ಓದುವವಳು ನಾನೊಬ್ಬಳೇ. ಆದರೂ ಕೇಳಿಬಿಟ್ಟರೆ ಮುಂದಕ್ಕೆ ಬರೆಯಲು ಧೈರ್ಯ ಬರುತ್ತದೆ.

ಬರೆಯುತ್ತಿರುವುದು ಏಕೆಂದರೆ ಹಗಲೆಲ್ಲ ನಾನು ಮಾತಾಡುವಂತಿಲ್ಲ. ಸ್ಟುಡಿಯೋದ ಮೈಕಿಗೆ ಕೆಮ್ಮಿದರೂ ಕೇಳುತ್ತದೆ, ಕುರ್ಚಿ ಸರಿಸಿದರೂ ಕೇಳುತ್ತದೆ. ಮಾತು ಒಳಗೇ ಉಳಿದು ಸಂಜೆಯ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಅಮ್ಮನಿಗೆ ಹೇಳೋಣವೆಂದರೆ ಅವಳು ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಬಂದಿರುತ್ತಾಳೆ. ನಾನು ಎರಡನೆಯ ಮಾತಿಗೆ ಬರುವಷ್ಟರಲ್ಲಿ ಅವಳ ಗೊರಕೆ ಕೇಳುತ್ತದೆ.

ನಾವು ಮಾಡುವುದು ಶಾಲೆಯ ಮಕ್ಕಳಿಗೆ ಗಣಿತ, ವಿಜ್ಞಾನದ ವಿಡಿಯೋ. ಮೇಜಿನ ಮೇಲ್ಗಡೆ ಒಂದು ಕಂಬಿಗೆ ಕ್ಯಾಮೆರಾ ತೂಗುಬಿದ್ದಿದೆ. ಅದಕ್ಕೆ ಕಾಣುವುದು ನನ್ನ ಕೈಗಳು ಮಾತ್ರ. ಕಾಗದ ಮಡಚುವುದು, ಮಣಿ ಎಣಿಸುವುದು, ತಕ್ಕಡಿ ತೂಗುವುದು, ಎಲ್ಲ ನಾನು. ಪಕ್ಕದಲ್ಲಿ ಕುಳಿತು ಪಾಠ ಹೇಳುವುದು ಟೀಚರ್. ನೋಡುವವರು ಕೈಯೂ ದನಿಯೂ ಒಬ್ಬರದೇ ಎಂದುಕೊಳ್ಳುತ್ತಾರೆ.

ಟೀಚರ ಬಲಗೈ ನಡುಗುತ್ತದೆ. ಅದೇ ಕಾರಣಕ್ಕೆ ಅವರು ಶಾಲೆ ಬಿಟ್ಟರು. ಬೋರ್ಡಿನ ಮೇಲೆ ಅಕ್ಷರ ನಡುಗಿದಾಗೆಲ್ಲ ಹಿಂದೆ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರಂತೆ. ಇಲ್ಲಿಯ ಯಜಮಾನರಿಗೆ ಅವರು ಅದನ್ನು ಹೇಳಿಲ್ಲ. ‘ನನ್ನ ಕೈಗೆ ವಯಸ್ಸಾಗಿದೆ, ಸುಕ್ಕು ಕಾಣುತ್ತೆ, ಯಾರಾದರೂ ಚಿಕ್ಕವರ ಕೈ ಇರಲಿ’ ಎಂದಿದ್ದಾರೆ. ಆಗ ನಾನು ಅಲ್ಲೇ ಕಸ ಗುಡಿಸುತ್ತಿದ್ದೆ. ‘ಈ ಮಗೂದು ಆಗಬಹುದು’ ಎಂದು ಟೀಚರ್ ನನ್ನ ಕೈ ತಿರುಗಿಸಿ ನೋಡಿದರು. ಅವರ ಬೆರಳು ನನ್ನ ಅಂಗೈ ಮೇಲೆ ಅದುರುತ್ತಿತ್ತು. ಶಾಲೆಯ ಕತೆಯನ್ನು ಆಮೇಲೆ ಅವರೇ ಹೇಳಿದರು. ವಿಷಯ ಗೊತ್ತಿರುವುದು ನನಗೆ ಮತ್ತು ಕ್ಯಾಮೆರಾದಣ್ಣನಿಗೆ ಮಾತ್ರ.

ಮಾರ್ಚ್ 5, ಗುರುವಾರ

ಇಡೀ ದಿನ ಒಂದೇ ಪಾಠ. ಕಾಲು ಭಾಗದಲ್ಲಿ ಅರ್ಧ ಎಷ್ಟು ಎನ್ನುವುದು. ಟೀಚರ್ ಹೇಳುವುದಕ್ಕೆ ಮೊದಲೇ ನನ್ನ ಕೈ ಕಾಗದವನ್ನು ಇನ್ನೊಮ್ಮೆ ಮಡಚಿಬಿಡುತ್ತಿತ್ತು. ಮುಂದೆ ಏನು ಬರುತ್ತದೆಂದು ಅದಕ್ಕೆ ಗೊತ್ತಾಗಿಬಿಟ್ಟಿರುತ್ತದೆ, ತಡೆಯಲು ಆಗುವುದಿಲ್ಲ. ಬೈಸಿಕೊಂಡೆ.

“ಏ ಕೈ,” ಎಂದ ಕ್ಯಾಮೆರಾದಣ್ಣ. ಅವನು ನನ್ನನ್ನು ಕರೆಯುವುದೇ ಹಾಗೆ. “ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದ ಹಾಗಾಯ್ತು. ದನಿ ಬರೋತನಕ ಕಾಯ್ಬಾರದಾ?”

“ಎತ್ತು ಯಾರು, ಕೋಣ ಯಾರು?” ಎಂದರು ಟೀಚರ್.

“ನಾನೇ ಕೋಣ, ಬಿಡಿ ಟೀಚರ್. ಮತ್ತೆ ತಗೊಳ್ಳೋಣ.”

ದೀಪದ ಶಾಖಕ್ಕೆ ಬೆರಳ ತುದಿ ಒಣಗಿ ಬಿರಿದಿದೆ. ಕಾಗದಕ್ಕೆ ತಾಗಿದರೆ ಉರಿ.

ಮಾರ್ಚ್ 9, ಸೋಮವಾರ

ಯಜಮಾನರು ಮುಖ ಊದಿಸಿಕೊಂಡು ಬಂದರು. ನಮ್ಮ ವಿಡಿಯೋಗಳನ್ನು ಒಂದು ಶಾಲೆಯಲ್ಲಿ ತೋರಿಸಿದ್ದರಂತೆ. ಮಕ್ಕಳು ಕಣ್ಣರಳಿಸಿ ನೋಡಿದರು, ಮಾರನೆಯ ದಿನ ಲೆಕ್ಕ ಕೊಟ್ಟರೆ ಹಳೆಯ ತಪ್ಪನ್ನೇ ಮಾಡಿದರು. ಅದನ್ನು ಪರೀಕ್ಷಿಸಲು ಒಬ್ಬರು ಮೇಡಂ ಬಂದಿದ್ದಾರೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ನೋಡುವುದೇ ಅವರ ಕೆಲಸ. ಅವರು ಹೇಳಿದ್ದು: ಬರೀ ನೋಡಿದರೆ ಸಾಲದು, ಮಕ್ಕಳ ಮೈಯೂ ಆಡಬೇಕು. ಎದ್ದು ನಡೆಯಬೇಕು, ಕೈ ಚಾಚಬೇಕು. ತೋರಿಸುವವರ ಇಡೀ ಮೈ ಕಂಡರೆ ಅವರೊಂದಿಗೆ ತಾವೂ ಮಾಡುತ್ತಾರೆ. ಮಾತಾಡುವವರೂ ಮಾಡುವವರೂ ಒಬ್ಬರೇ ಆಗಿರಬೇಕು.

“ಆದ್ದರಿಂದ ಒಬ್ಬರು ಸಾಕು,” ಎಂದರು ಯಜಮಾನರು. “ಟೀಚರ್, ನೀವೇ ಕ್ಯಾಮೆರಾ ಮುಂದೆ ಬನ್ನಿ. ಇಲ್ಲ ಅಂದ್ರೆ ಈ ಹುಡುಗಿ ಮಾತಾಡ್ಲಿ. ಎರಡೂ ಆಗಲ್ಲ ಅಂದ್ರೆ ಕಾರ್ಟೂನ್ ಬೊಂಬೆ ಬರೆಸಿ ಮುಗಿಸ್ತೀನಿ. ಈ ತಿಂಗಳ ಒಳಗೆ ತೀರ್ಮಾನ ಆಗ್ಬೇಕು.”

ಟೀಚರ್ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಬಲಗೈಯನ್ನು ಅದರ ಕೆಳಗೆ ಇಟ್ಟರು. “ನನಗೆ ಮುಖ ತೋರಿಸೋದು ಇಷ್ಟ ಇಲ್ಲ,” ಎಂದರು.

ಅಮ್ಮನಿಗೆ ಹೇಳಿದೆ. ಇವತ್ತು ಎಚ್ಚರವಾಗಿದ್ದಳು. “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮ್ಮಲ್ಲಿ ಕೈ ನಿನ್ನದು, ಬಾಯಿ ಅವರದು. ಮೊಸರು ಯಾರಿಗೇ?” ಎಂದು ನಕ್ಕಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, “ಆ ಕೆಲಸ ಬಿಡಬೇಡ ಕಣೇ. ನನ್ನ ಕಾಲು ಇನ್ನೆಷ್ಟು ದಿನ ನಿಲ್ಲುತ್ತೋ,” ಎಂದಳು.

ಮಾರ್ಚ್ 10, ಮಂಗಳವಾರ

ಮೇಲಿದ್ದ ಕ್ಯಾಮೆರಾವನ್ನು ಇಳಿಸಿ ಎದುರಿಗೆ ನಿಲ್ಲಿಸಿದರು. ನನ್ನನ್ನು ಅದರ ಮುಂದೆ ನಿಲ್ಲಿಸಿ ಟೀಚರ್ ಬರೆದುಕೊಟ್ಟ ಒಂದೇ ಸಾಲು ಹೇಳಲು ಹೇಳಿದರು. ‘ಮಕ್ಕಳೇ, ಸೊನ್ನೆಯ ಮೇಲೆ ನಿಂತುಕೊಳ್ಳಿ.’ ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ಮತ್ತೆ ಹಾಗೇ ಆಯಿತು. “ಕೈಗೆ ಬಾಯಿಲ್ಲ,” ಎಂದ ಕ್ಯಾಮೆರಾದಣ್ಣ. ತಮಾಷೆಗೆ ಹೇಳಿದ್ದು. ನಾನು ಅತ್ತೆ.

ಮಾರ್ಚ್ 14, ಶನಿವಾರ

ಟೀಚರ್ ಬಿಡುತ್ತಿಲ್ಲ. ಬಾಯಿ ಆಮೇಲೆ ಬರಲಿ, ಮೊದಲು ನಡೆ ಎಂದಿದ್ದಾರೆ. ನೆಲದ ಮೇಲೆ ಉದ್ದಕ್ಕೆ ಟೇಪು ಅಂಟಿಸಿ ಅಂಕಿಗಳನ್ನು ಬರೆದಿದ್ದಾರೆ. ನಡುವೆ ಸೊನ್ನೆ. ಒಂದು ಕಡೆ ಒಂದು, ಎರಡು, ಮೂರು, ಹೀಗೆ ಮುಂದಕ್ಕೆ. ಇನ್ನೊಂದು ಕಡೆ ಅದೇ ಅಂಕಿಗಳು, ಹಿಂದೆ ಒಂದು ಗೀಟು ಇಟ್ಟು. ಅವು ಸೊನ್ನೆಗಿಂತ ಕಡಿಮೆಯವು. ಕೂಡುವುದಾದರೆ ಹೆಚ್ಚಿನ ಕಡೆಗೆ ಮುಖ ಮಾಡಬೇಕು, ಕಳೆಯುವುದಾದರೆ ಕಡಿಮೆಯ ಕಡೆಗೆ. ಗೀಟಿನ ಅಂಕಿ ಬಂದರೆ ಮುಖ ಮಾಡಿದ ಕಡೆಗೆ ಹೋಗದೆ ಹಿಂದಕ್ಕೆ ನಡೆಯಬೇಕು.

ಮೂರರ ಮೇಲೆ ನಿಂತೆ. ಗೀಟಿನ ಎರಡನ್ನು ಕಳೆ ಎಂದರು. ಕಡಿಮೆಯ ಕಡೆ ಮುಖ ತಿರುಗಿಸಿ, ಹಿಂದಕ್ಕೆ ಎರಡು ಹೆಜ್ಜೆ ಇಟ್ಟೆ. ನೋಡಿದರೆ ಐದರ ಮೇಲಿದ್ದೆ. ಕಳೆದಿದ್ದಕ್ಕೆ ಹೆಚ್ಚಾಗಿತ್ತು. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಮನೆಗೆ ಬಂದು ಮತ್ತೆ ನಡೆದೆ. ಊಟವಾದ ಮೇಲೂ ನಡೆದೆ. ಅದು ಪ್ರತಿ ಸಲವೂ ಐದಕ್ಕೇ ಬರುತ್ತದೆ.

ಕಷ್ಟವೆಂದರೆ ದಿಕ್ಕು. ಕ್ಯಾಮೆರಾ ಎದುರಿಗಿದೆ. ನೋಡುವವರಿಗೆ ಅಂಕಿ ಎಡದಿಂದ ಬಲಕ್ಕೆ ಹೆಚ್ಚಾಗಬೇಕಾದರೆ ನನಗೆ ಅದು ಬಲದಿಂದ ಎಡಕ್ಕೆ ಹೆಚ್ಚಾಗಬೇಕು. ಎಲ್ಲವೂ ಕನ್ನಡಿಯಲ್ಲಿ ತಲೆ ಬಾಚಿಕೊಂಡಂತೆ. ಹೆಚ್ಚು ಎಂದರೆ ಎಡಗೈ ಕಡೆ, ಕಡಿಮೆ ಎಂದರೆ ಬಲಗೈ ಕಡೆ ಎಂದು ಕಾಲಿಗೆ ಪಾಠ ಮಾಡಿಸುತ್ತಿದ್ದೇನೆ. ಮನೆಯಲ್ಲಿ ಒಲೆಯ ಕಡೆ ಹೆಚ್ಚು, ಮಂಚದ ಕಡೆ ಕಡಿಮೆ.

“ಮಂಚದ ಕಡೆ ಹೋದ್ರೆ ಕಡಿಮೆ ಅಂತ ಯಾವ ಪುಣ್ಯಾತ್ಮರು ಹೇಳಿದ್ದು?” ಎಂದಳು ಅಮ್ಮ. “ನನಗೆ ಈ ಜನ್ಮದಲ್ಲಿ ಅದೊಂದೇ ಹೆಚ್ಚು. ದಾರಿ ಬಿಡು, ಮಲಗ್ತೀನಿ.”

ಮಾರ್ಚ್ 18, ಬುಧವಾರ

ಇವತ್ತಿನದು ಬರೆಯಲು ನಾಚಿಕೆಯಾಗುತ್ತದೆ.

ಯಜಮಾನರು ನನ್ನನ್ನೂ ಟೀಚರನ್ನೂ ಆ ಶಾಲೆಗೇ ಕರೆದುಕೊಂಡು ಹೋದರು. ಮೇಡಂ ಕೂಡ ಇದ್ದರು. ವಿಡಿಯೋ ಇಲ್ಲದೆ ಮಕ್ಕಳ ಮುಂದೆಯೇ ಮಾಡಿ ನೋಡಲಿ, ಅಂಜಿಕೆ ಹೋಗುತ್ತದೆ ಎಂದು. ಹಜಾರದ ನೆಲದಲ್ಲಿ ಸೀಮೆಸುಣ್ಣದಿಂದ ಉದ್ದುದ್ದ ಗೆರೆ ಎಳೆದು, ಮಕ್ಕಳು ಓದುವಂತೆ ಎಡದಿಂದ ಬಲಕ್ಕೆ ಅಂಕಿ ಬರೆದವಳು ನಾನೇ. ಒಂದೊಂದು ಗೆರೆಗೂ ಇಬ್ಬಿಬ್ಬರು ಮೂವರು ನಿಂತರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಕಣ್ಣು! ನನ್ನ ಮೈ ತಾನಾಗಿಯೇ ತಿರುಗಿತು. ಅವರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತೆ.

ಬಾಯಿ ಕಟ್ಟಿತ್ತು. ಮೂಲೆಯ ಕುರ್ಚಿಯಿಂದ ಟೀಚರೇ ಹೇಳಿದರು: “ಎರಡರ ಮೇಲೆ ನಿಲ್ಲಿ. ಈಗ ಅದರಿಂದ ಐದು ಕಳೀರಿ. ಅಕ್ಕ ಹೋದ ಹಾಗೆ ಹೋಗಿ.”

ಅಕ್ಕ ಬಲಕ್ಕೆ ಹೋದಳು. ಕಾಲಿಗೆ ಅಭ್ಯಾಸವಾಗಿದ್ದು ಅದೇ. ಬೆನ್ನು ಹಾಕಿದ ಮೇಲೆ ಕನ್ನಡಿ ಇಲ್ಲವೆಂಬುದು ಹೊಳೆಯಲೇ ಇಲ್ಲ. ನೆಲ ನೋಡಿದ್ದರೆ ಅಂಕಿ ಕಾಣುತ್ತಿತ್ತು, ನಾನು ಗೋಡೆ ನೋಡುತ್ತಿದ್ದೆ. ಹಿಂದಿನಿಂದ ದಬದಬ ಸದ್ದು. ಅರ್ಧ ಮಕ್ಕಳು ನನ್ನ ಕಾಲು ನೋಡಿ ಬಲಕ್ಕೆ ಹೋಗಿದ್ದರು, ಇನ್ನರ್ಧ ನೆಲದ ಅಂಕಿ ನೋಡಿ ಎಡಕ್ಕೆ. ಒಂದೇ ಗೆರೆಯ ಮೇಲೆ ಎದುರಾಗಿ ಡಿಕ್ಕಿ ಹೊಡೆದಿದ್ದರು. ಒಬ್ಬನ ಮೂಗು, ಇನ್ನೊಬ್ಬಳ ಹಣೆ.

ನಗು ನಿಂತ ಮೇಲೆ ಎರಡು ಜಡೆಯ ಒಂದು ಹುಡುಗಿ, “ಅಕ್ಕಾ, ನೀವು ಉಲ್ಟಾ ಹೋದ್ರಿ. ಕಡಿಮೆ ಇರೋದು ಈ ಕಡೆ,” ಎಂದಿತು.

ಗೋಡೆಗೇ ಹೇಳುವಂತೆ ಕೇಳಿದೆ: “ಹಾಗಾದ್ರೆ ನಾನೀಗ ಎಲ್ಲಿದ್ದೀನಿ?”

“ಏಳರ ಮೇಲೆ!”

“ಎಲ್ಲಿರಬೇಕಿತ್ತು?”

ಅಲ್ಲಿ ಜಗಳ ಹತ್ತಿತು. ಒಬ್ಬ ಮೂರು ಎಂದ, ಒಬ್ಬಳು ಗೀಟಿನ ಮೂರು ಎಂದಳು. ನಡೆದೇ ನೋಡೋಣ ಎಂದು ಎರಡರಿಂದ ಶುರು ಮಾಡಿ ಗಟ್ಟಿಯಾಗಿ ಎಣಿಸಿದರು. ನನ್ನನ್ನೂ ಬೆನ್ನ ಹಿಂದಿನಿಂದಲೇ ಕೂಗಿ ಹೇಳಿ ನಡೆಸಿದರು. ಇನ್ನೂ ಹೋಗಿ ಅಕ್ಕಾ, ಸೊನ್ನೆ ದಾಟಿ, ಹಾಂ, ನಿಲ್ಲಿ. ಆ ಜಡೆ ಹುಡುಗಿ ಮೂಲೆಗೆ ಓಡಿ, “ನೀವೂ ಬನ್ನಿ ಮಿಸ್,” ಎಂದು ಟೀಚರ ತೋಳು ಹಿಡಿದು ಎಳೆಯಿತು. ಟೀಚರ್ ಕೈಚೀಲವನ್ನು ಎದೆಗೆ ಅವಚಿಕೊಂಡೇ ಗೆರೆಯ ಮೇಲೆ ನಡೆದರು. ಆಮೇಲೆ ಮಕ್ಕಳು ಗೀಟಿನ ಅಂಕಿ ಕೊಟ್ಟು ಹಿಂದಕ್ಕೆ ನಡೆಸಿದಾಗಲೂ ಹೆಜ್ಜೆ ಗೆರೆ ಬಿಟ್ಟು ಹೋಗಲಿಲ್ಲ.

ಯಜಮಾನರ ಮುಖ ನೋಡಲು ಆಗಲಿಲ್ಲ. ಮೇಡಂ ಏನೋ ಬರೆದುಕೊಳ್ಳುತ್ತಲೇ ಇದ್ದರು. ನನ್ನ ತಪ್ಪೇ ಇರಬೇಕು. ಸುಸ್ತಾಗಿದೆ.

ಮಾರ್ಚ್ 20, ಶುಕ್ರವಾರ

ಟೀಚರ ಕಾಲು ನಡುಗುವುದಿಲ್ಲ.

ಮೊನ್ನೆ ಶಾಲೆಯಿಂದ ಬಂದಾಗಿನಿಂದ ಇದೊಂದೇ ತಲೆಯಲ್ಲಿ ಕೂತಿದೆ. ಆ ಪಾಠಕ್ಕೆ ಕೈ ಬೇಕಾಗಿಯೇ ಇಲ್ಲ. ಅವರೇ ನಡೆಯಬಹುದು, ಅವರೇ ಹೇಳಬಹುದು. ಆದರೆ ಅವರು ನಡೆದರೆ ನಾನು ಯಾತಕ್ಕೆ? ಮತ್ತೆ ಪೊರಕೆಗೂ ಇನ್ನೊಬ್ಬಳನ್ನು ಇಟ್ಟುಕೊಂಡಾಗಿದೆ. ಅಮ್ಮ ರಾತ್ರಿ ಕಾಲು ಒತ್ತಿಸಿಕೊಳ್ಳುತ್ತಾಳೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಟೀಚರಿಗೇ ಇಷ್ಟವಿಲ್ಲವಲ್ಲ.

ಸುಮ್ಮನಿರುವುದು ನನಗೆ ಹೊಸದಲ್ಲ.

ಮಾರ್ಚ್ 23, ಸೋಮವಾರ

ಯಜಮಾನರು ಎಲ್ಲರನ್ನೂ ಕೂರಿಸಿದರು. “ಟೀಚರ್, ಬೇಜಾರು ಮಾಡ್ಕೋಬೇಡಿ. ಮಕ್ಕಳು ಈ ಹುಡುಗಿ ಹತ್ರ ಚೆನ್ನಾಗಿ ಮಾತಾಡಿದ್ರಂತೆ, ಮೇಡಂ ಹೇಳಿದ್ರು. ಇನ್ನು ಇವಳೇ ಸಾಕು. ನೀವು ಪಾಠ ಬರೆದುಕೊಟ್ಟುಬಿಡಿ, ಇವಳು ಒಪ್ಪಿಸ್ತಾಳೆ.”

“ಸರಿ,” ಎಂದರು ಟೀಚರ್. ಅಷ್ಟೇ. ಕೈಚೀಲ ಎತ್ತಿಕೊಂಡರು. ಆ ಚೀಲದ ಕೊಂಡಿ ಟಕಟಕ ಎನ್ನುತ್ತಿತ್ತು.

ನನಗೆ ಎಲ್ಲಿಂದ ಬಂತೋ, ಬಾಯಿಗೆ ಬಂದೇಬಿಟ್ಟಿತು. “ಒಪ್ಪಿಸಬಹುದು ಸಾರ್. ಆಮೇಲೆ ಮಗು ಯಾಕೆ ಅಂತ ಕೇಳಿದ್ರೆ? ಕಳೆದ್ರೆ ಯಾಕೆ ಹೆಚ್ಚಾಯ್ತು ಅಂತ ಕೇಳಿದ್ರೆ? ನಾನು ನಡೆದು ತೋರಿಸ್ತೀನಿ, ಅದರ ಮುಂದಿಂದು ಟೀಚರಿಗೆ ಗೊತ್ತು. ನಡುಗೋದು ಕೈ ತಾನೇ, ಕಾಲಿಗೇನಾಗಿದೆ? ಅವರೇ ನಡೀಲಿ.”

ಕ್ಯಾಮೆರಾದಣ್ಣ ಆ ಕಡೆ ತಿರುಗಿ ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದ.

“ಕೈ ನಡುಗೋದಾ?” ಎಂದರು ಯಜಮಾನರು.

ಟೀಚರ್ ನನ್ನ ಕಡೆ ನೋಡಿದರು. “ಇದನ್ನ ಹೇಳು ಅಂತ ನಿನ್ನ ಯಾರು ಕೇಳಿದ್ರು?” ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಚೆನ್ನಾಗಿತ್ತು. ಚೀಲ ತೆಗೆದುಕೊಂಡು ಹೊರಟುಹೋದರು.

ಅಮ್ಮ ತಲೆ ಚಚ್ಚಿಕೊಂಡಳು. “ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೇ! ಬಾಯಿಲ್ಲದೋಳು ಬಾಯಿ ಬಿಟ್ಟಿದ್ದು ಇದಕ್ಕಾ?” ಸ್ವಲ್ಪ ಹೊತ್ತಾದ ಮೇಲೆ ಮಂಚದಿಂದ ಕೇಳಿದಳು: “ಯಾವ ಕೈಯೇ, ಬಲಗೈಯಾ? ಪಾಪ. ಊಟ ಹೇಗೆ ಮಾಡ್ತಾರೋ.”

ಮಾರ್ಚ್ 24, ಮಂಗಳವಾರ

ಟೀಚರ್ ಬರಲಿಲ್ಲ. ನಾನು ಹೋಗಿ ಕುಳಿತು ಬಂದೆ.

ಮಾರ್ಚ್ 27, ಶುಕ್ರವಾರ

ಬಂದರು. ಯಜಮಾನರು ಅವರ ಮನೆಗೇ ಹೋಗಿದ್ದರಂತೆ, ಏನು ಮಾತಾಡಿದರೋ ಗೊತ್ತಿಲ್ಲ. ನನ್ನನ್ನು ನೋಡಲಿಲ್ಲ. ವಿಜ್ಞಾನದ ಪಾಠಕ್ಕೆಂದು ಇಟ್ಟಿದ್ದ ಬಿಳಿ ಕೋಟು ಹಾಕಿಕೊಂಡು, ಬಲಗೈ ಜೇಬಿಗೆ ಸೇರಿಸಿ ಕ್ಯಾಮೆರಾ ಮುಂದೆ ನಿಂತರು.

ಮಾತು ಹಾಲಿನ ಹಾಗೆ ಬರುತ್ತದೆ ಅವರಿಗೆ. ಆದರೆ ಕಾಲು ತಪ್ಪಿತು. ಅವರಿಗೆ ಕನ್ನಡಿ ಲೆಕ್ಕ ಅಭ್ಯಾಸವಿಲ್ಲ. ಹೆಚ್ಚು ಎಂದಾಗ ಬಲಕ್ಕೆ ಹೊರಡುತ್ತಾರೆ, ಅಂಕಿ ನೋಡಿ ನಿಲ್ಲುತ್ತಾರೆ, ಮತ್ತೆ ಮೊದಲಿನಿಂದ. ನಾನು ಕ್ಯಾಮೆರಾದ ಪಕ್ಕಕ್ಕೆ ಹೋಗಿ ನಿಂತೆ. ಅವರು ಹೊರಡುವ ಕ್ಷಣಕ್ಕೆ ಸದ್ದಿಲ್ಲದೆ ಕೈ ಚಾಚಿ ದಿಕ್ಕು ತೋರಿಸಿದೆ. ಎರಡು ಸಲ ನೋಡದವರಂತೆ ನಡೆದು ತಪ್ಪಿದರು. ಮೂರನೆಯ ಸಲ ನೋಡಿದರು.

“ಇದನ್ನ ನೀನು ಹೇಗಮ್ಮಾ ಮಾಡ್ತಿದ್ದೆ?” ಎಂದರು.

“ಮನೇಲಿ ಒಲೆ ಕಡೆ ಹೆಚ್ಚು ಅಂತ ಇಟ್ಕೊಂಡಿದ್ದೆ.”

“ನನಗೆ?”

“ನಿಮಗೆ ಬಾಗಿಲ ಕಡೆ ಹೆಚ್ಚು.”

ಆಮೇಲೆ ತಪ್ಪಲಿಲ್ಲ. ಪಾಠದ ಕೊನೆಗೆ, ಮೂರರಿಂದ ಹಿಂದಕ್ಕೆ ನಡೆದು ಐದರ ಮೇಲೆ ನಿಂತಾಗ, ‘ನೋಡಿ, ಎಲ್ಲಿಗೆ ಬಂದೆ’ ಎಂದು ನೆಲ ತೋರಿಸಲು ಬಲಗೈಯನ್ನೇ ಜೇಬಿನಿಂದ ತೆಗೆದರು. ಬೆರಳು ಚೆನ್ನಾಗಿಯೇ ನಡುಗಿತು. ಕ್ಯಾಮೆರಾದಣ್ಣ ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ಅವರೂ ಹೇಳಲಿಲ್ಲ.

ಮನೆಗೆ ಹೊರಟಾಗ ಮೆಟ್ಟಿಲ ಬಳಿ, “ನೀನು ಮಾಡಿದ್ದು ನನಗೆ ಇನ್ನೂ ಸರಿ ಅನ್ನಿಸಿಲ್ಲ,” ಎಂದರು.

“ಹೂಂ ಟೀಚರ್,” ಎಂದೆ.

“ನನ್ನನ್ನ ಮೊದಲು ಕೇಳ್ಬೇಕಿತ್ತು.”

“ಹೌದು. ಕೇಳ್ಬೇಕಿತ್ತು.”

ಇಬ್ಬರೂ ಜೊತೆಯಲ್ಲೇ ಇಳಿದೆವು.

ಏಪ್ರಿಲ್ 2, ಗುರುವಾರ

ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಾರೆಂದು ಹೋದರೆ ಮೇಡಂ ಕುಳಿತಿದ್ದರು. ವಿಡಿಯೋ ಹಾಕಿ ಹೋದರೆ ಮಕ್ಕಳು ಕುಳಿತೇ ನೋಡುತ್ತಾರೆ, ನಡುನಡುವೆ ನಿಲ್ಲಿಸಿ ಅವರನ್ನು ಎಬ್ಬಿಸಿ ನಡೆಸಲು ಕೋಣೆಯಲ್ಲಿ ಒಬ್ಬರು ಬೇಕು ಎಂದರು. ಸದ್ಯ ಒಂದು ಶಾಲೆಗೆ. ಆಮೇಲೆ ಏನೋ, ಅವರಿಗೂ ಗೊತ್ತಿಲ್ಲ. ಯಜಮಾನರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, “ನೋಡೋಣ, ನೋಡೋಣ,” ಎಂದರು. ನಾನು ಒಪ್ಪಿದೆ. ಬೇರೆ ಏನಿದೆ?

“ಇನ್ಮೇಲೆ ನಿನ್ನ ಕಾಲು ಅಂತ ಕರೀಲಾ?” ಎಂದ ಕ್ಯಾಮೆರಾದಣ್ಣ.

“ಏನಾದ್ರೂ ಕರಿ. ಮೊದಲು ಈ ವೈರು ದಾರಿಯಿಂದ ತೆಗಿ. ಟೀಚರ್ ಹಿಂದಕ್ಕೆ ನಡೀವಾಗ ಎಡವಿ ಬಿದ್ರೆ ಯಾರು ಹೊಣೆ?”

ಅವನು ತೆಗೆದ. ಶಾಲೆಯಲ್ಲಿ ವಿಡಿಯೋ ತೋರಿಸಲು ಒಂದು ಟಿವಿ ಕೊಟ್ಟಿದ್ದಾರೆ, ಕಲ್ಲಿನಷ್ಟು ಭಾರ. ಅದನ್ನು ಇವತ್ತೇ ಸಾಗಿಸಿ ಬಂದೆ. ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ 7, ಮಂಗಳವಾರ

ಶಾಲೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಮಕ್ಕಳು ಊಟಕ್ಕೆ ಹೋಗಿದ್ದಾರೆ. ಮಧ್ಯಾಹ್ನ ಇನ್ನೊಂದು ತರಗತಿ ಇದೆ. ನಿಂತು ನಿಂತು ಪಾದ ಊದಿದೆ, ಅಮ್ಮ ದಿನಾ ಹೇಗೆ ನಿಲ್ಲುತ್ತಾಳೋ.

ಬೆಳಿಗ್ಗೆ ಟೀಚರ ವಿಡಿಯೋ ಹಾಕಿದೆ. ಮಕ್ಕಳಿಗೆ ಎದುರಾಗಿಯೇ ನಿಂತಿದ್ದೆ, ಟಿವಿಯ ಗುಂಡಿ ಆ ಕಡೆಗೇ ಇರುವುದು. ಕೊನೆಯಲ್ಲಿ ಟೀಚರ್ ಕೈ ತೆಗೆದು ನೆಲ ತೋರಿಸುವ ಜಾಗ ಬಂತು. ಒಬ್ಬ ಹುಡುಗ ತನ್ನ ಕೈಯನ್ನೂ ಹಾಗೇ ನಡುಗಿಸಿ ಪಕ್ಕದವನಿಗೆ ತೋರಿಸಿದ. ನಾಲ್ಕೈದು ಜನ ಕಿಸಕ್ಕೆಂದರು.

“ಅಕ್ಕಾ, ಆ ಮಿಸ್ ಕೈ ಯಾಕೆ ಹಂಗೆ ನಡುಗುತ್ತೆ?”

ವಿಡಿಯೋ ನಿಲ್ಲಿಸಿದೆ. “ನಡುಗುತ್ತೆ, ಅಷ್ಟೇ. ಅವರು ಐದಕ್ಕೆ ಹೇಗೆ ಬಂದ್ರು, ಹೇಳು.”

ಅವನು ಟಿವಿಯಲ್ಲಿದ್ದ ಕೈಯನ್ನೇ ಮತ್ತೆ ನೋಡಿದ.

“ಕೈ ನೋಡಿದ್ರೆ ಗೊತ್ತಾಗಲ್ಲ. ಕಾಲು ನೋಡು.”

“ಕಾಲು ಕಾಣಲ್ಲ ಅಕ್ಕಾ,” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ನಿಜ, ಮುಂದಿನ ಬೆಂಚು ಅಡ್ಡವಿತ್ತು, ಟೀಚರ್ ಮೊಣಕಾಲವರೆಗೆ ಮಾತ್ರ ಕಾಣುತ್ತಿದ್ದರು. ಆ ಹುಡುಗನನ್ನು ಒಂದು ತುದಿ ಹಿಡಿಯಲು ಕರೆದು, ಬೆಂಚನ್ನು ಗೋಡೆಯವರೆಗೆ ಎಳೆದಿಟ್ಟೆ. ಆಮೇಲೆ ವಿಡಿಯೋವನ್ನು ಮೊದಲಿನಿಂದ ಹಾಕಿದೆ.